ಮೇಜಿನ ಮೇಲೆ ನನ್ನ ನೋಟ್‌ಬುಕ್

ಶಿಕ್ಷಣ ಕಚೇರಿಯ ಅಧಿಕಾರಿ ಹತ್ತು ಗಂಟೆಗೆ ಬರುತ್ತೇನೆಂದವರು ಒಂಬತ್ತೂವರೆಗೇ ಬಾಗಿಲು ತಟ್ಟಿದರು. ಆ ಅರ್ಧ ಗಂಟೆಯಲ್ಲಿ ನನಗೊಂದು ಕೆಲಸವಿತ್ತು. ಮೇಜಿನ ಮೇಲಿದ್ದ ನೋಟ್‌ಬುಕ್ಕುಗಳಲ್ಲಿ ನೀಲಿ ರಟ್ಟಿನದನ್ನು ತೆಗೆದು ಬೀರುವಿನೊಳಗೆ ಇಡಬೇಕಿತ್ತು. ಅದು ಮಗಳದಲ್ಲ, ನನ್ನದು.

ಮಗಳಿಗೆ ಹನ್ನೊಂದು ವರ್ಷ. ಏನು ಸಿಕ್ಕರೂ ಅಳಿಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತಾಳೆಂದು ಅವಳಪ್ಪ ಇಣಚಿ ಅನ್ನುತ್ತಾನೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು ಶಾಲೆಯಲ್ಲಿ ಎಂಟು ತಿಂಗಳು ಒಂದೇ ಒಂದು ಮಾತಾಡಲಿಲ್ಲ. ಹಾಜರಿ ಕರೆದರೂ ಬಾಯಿ ಬಿಡಲಿಲ್ಲ. ಕೊನೆಗೆ ಬಿಡಿಸಿಕೊಂಡು ಬಂದು ಮನೆಯಲ್ಲೇ ಪಾಠ ಶುರುಮಾಡಿದೆ. ಅದಕ್ಕೆ ವರ್ಷಕ್ಕೊಮ್ಮೆ ಅನುಮತಿ ಬೇಕು. ಇವತ್ತು ಇವರು ಆಗದು ಎಂದರೆ ಸೋಮವಾರ ಅವಳು ಮತ್ತೆ ಅದೇ ಬೆಂಚಿನ ಮೇಲೆ.

ನಾನು ಓದಿದ್ದು ಇತಿಹಾಸ. ಗಣಿತದಿಂದ ಶಾಲೆಯಲ್ಲೇ, ಹೇಗೋ ಪಾಸಾಗಿ, ಕೈತೊಳೆದುಕೊಂಡಿದ್ದೆ. ಮಗಳಿಗೆ ಹೇಳಿಕೊಡಲೆಂದು ರೇಖಾಗಣಿತ ತೆರೆದವಳು ಅದರಲ್ಲೇ ಸಿಕ್ಕಿಬಿದ್ದೆ. ಅವಳ ಪಾಠ ಮುಗಿದ ಮೇಲೂ ಕೈವಾರ ಕೆಳಗಿಡಲು ಮನಸ್ಸಾಗುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಯಾರಿಗೂ ಬೇಡದ, ಯಾವ ಪರೀಕ್ಷೆಗೂ ಅಲ್ಲದ ಖುಷಿ. ಎರಡು ತಿಂಗಳಲ್ಲಿ ಇಣಚಿ ನನ್ನನ್ನು ಹಿಂದೆ ಹಾಕಿ, ಕೆಂಪು ಪೆನ್ನು ಹಿಡಿದು ನನ್ನ ಲೆಕ್ಕ ತಿದ್ದತೊಡಗಿದಳು. ಬಸ್ ಓಡಿಸುವ ಅವಳಪ್ಪ ಡಿಪೋದಲ್ಲೆಲ್ಲ ಹೇಳಿಕೊಂಡು ಬಂದ: "ನಮ್ಮನೇಲಿ ಇಬ್ರು ಓದ್ತಿದ್ದಾರೆ. ದೊಡ್ಡದು ಸ್ವಲ್ಪ ಮಂದ."

ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು. ಕೊಟ್ಟ ನೀರು ಮುಟ್ಟಲಿಲ್ಲ. ಕನ್ನಡಕ ಏರಿಸಿಕೊಂಡವರು ರಾಶಿಯ ನಡುವಿನಿಂದ ಎಳೆದದ್ದು ನೀಲಿ ರಟ್ಟನ್ನೇ.

ಪುಟ ತಿರುಗಿದವು. ಕೆಂಪು ಸುತ್ತು, ಕೆಂಪು ಗೀಟು. "ಮತ್ತೆ ಅದೇ!" "ಮೂರನೇ ಸಲ!! ತಲೆ ಎಲ್ಲಿದೆ?"

"ಒಂದೇ ತಪ್ಪು ಮೂರು ಸಲ," ಅಂದರು. "ಹುಡುಗಿಗೆ ಇದು ತಲೆಗೆ ಹತ್ತಿಲ್ಲ. ಅದೂ ಅಲ್ದೆ, ಮಗು ಪುಸ್ತಕದಲ್ಲಿ ಹೀಗೆಲ್ಲಾ ಬರೆದು ಬೈತೀರಾ?"

ಸುಮ್ಮನಿದ್ದರೆ ಮಗಳು ದಡ್ಡಿ, ನಾನು ರಾಕ್ಷಸಿ. ಬಾಯಿಬಿಟ್ಟರೆ ಪಾಠ ಮಾಡುವವಳಿಗೇ ಪಾಠ ಬರುವುದಿಲ್ಲ.

"ಅದು... ನನ್ನ ಪುಸ್ತಕ ಮೇಡಂ. ತಿದ್ದಿರೋದು ಅವಳು."

ಅವರು ಮಗಳ ನೋಟ್‌ಬುಕ್ಕೊಂದನ್ನು ಪಕ್ಕಕ್ಕಿಟ್ಟು ನೋಡಿದರು. ಅವಳು ಅಕ್ಷರ ಕಲಿತದ್ದೇ ನನ್ನಿಂದ. ನನ್ನ ಹಾಗೇ ಏಳಕ್ಕೆ ಅಡ್ಡಗೆರೆ, ನನ್ನ ಹಾಗೇ ಬಲಕ್ಕೆ ಬಾಗಿದ ಸಾಲು.

"ಎರಡೂ ಒಂದೇ ಕೈ ಥರ ಇದೆಯಲ್ಲ. ಯಾರ ಕೆಲಸ ಯಾರು ಮಾಡಿದ್ದು ಅಂತ ನಾನು ಹೇಗೆ ನಂಬ್ಲಿ? ಏನಮ್ಮ, ಈ ಕೆಂಪು ನಿಂದೇನಾ?"

ಇಣಚಿ ರಬ್ಬರನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ತುಟಿ ಬೆಳ್ಳಗಾಗಿತ್ತು. ಶಾಲೆಯ ಆ ಎಂಟು ತಿಂಗಳ ಮುಖ ಮತ್ತೆ ಬಂದು ಕೂತಿತ್ತು. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಫಾರಂ ಹತ್ತಿರಕ್ಕೆ ಎಳೆದುಕೊಂಡರು.

"ಸರಿ, ನಿಮ್ದೇ ಅಂದ್ರೆ ನೀವೇ ಹೇಳಿ. ಇಲ್ಲಿ ತಪ್ಪೇನು?"

ನಾನು ನೋಡಿದೆ. ಎರಡು ತ್ರಿಭುಜ. ಎರಡರಲ್ಲೂ ಎರಡೆರಡು ಬಾಹು ಸಮ, ಒಂದೊಂದು ಕೋನ ಸಮ. ಆದ್ದರಿಂದ ತ್ರಿಭುಜಗಳೂ ಸರ್ವಸಮ ಎಂದು ಬರೆದಿದ್ದೆ. "ಇದು... ಉತ್ತರ ಸರಿ ಇದೆ ಮೇಡಂ. ಅಳತೆ ಬರೆದಿಲ್ಲ, ಅದಕ್ಕೇ ಕೆಂಪು..."

"ಅಯ್ಯೋ ಅಮ್ಮಾ!"

ರಬ್ಬರು ನೆಲಕ್ಕೆ ಬಿತ್ತು.

"ಎಷ್ಟು ಸಲ ಹೇಳ್ಬೇಕೇ ನಿಂಗೆ! ಕೋನ ಆ ಎರಡು ಬಾಹು ಮಧ್ಯ ಇರ್ಬೇಕು. ನಿಂದು ಪಕ್ಕದಲ್ಲಿದೆ. ನೋಡಿಲ್ಲಿ." ಕೈವಾರ ಕಸಿದುಕೊಂಡು ನನ್ನ ಪುಟದ ಮೇಲೇ ಕಂಸ ಎಳೆದಳು. "ಈ ಬಾಹು ಬಾಗಿಲ ಥರ ತಿರುಗುತ್ತೆ. ಕೆಳಗಿನ ಗೆರೆನ ಇಲ್ಲೂ ಮುಟ್ಟುತ್ತೆ, ಅಲ್ಲೂ ಮುಟ್ಟುತ್ತೆ. ಈಗ ಎಷ್ಟು ತ್ರಿಭುಜ ಆಯ್ತು?"

"ಎರಡು," ಅಂದೆ. ಕಣ್ಣು ಆ ಎರಡು ಚುಕ್ಕೆಗಳಿಂದ ಏಳಲಿಲ್ಲ. "ಆದ್ರೆ ಇದು ಲಂಬಕೋನ ಆಗಿದ್ರೆ? ಆಗ ಒಂದೇ ಅಲ್ವಾ?"

ಅವಳು ಕೈವಾರ ನಿಲ್ಲಿಸಿದಳು. "ಹೂಂ... ತಡಿ, ಅದನ್ನ ನೋಡ್ಬೇಕು."

ಇಬ್ಬರೂ ಬಗ್ಗಿ ಗೆರೆ ಎಳೆಯುತ್ತಿದ್ದೆವು. ಪೆನ್ನಿನ ಕರಕರ ಕೇಳಿ ತಲೆಯೆತ್ತಿದಾಗ ಫಾರಂ ತುಂಬಿಯಾಗಿತ್ತು. ಹೊಸಬರು ಕೂತಿರುವುದು ಆಗಷ್ಟೇ ನೆನಪಾಗಿ ಮಗಳು ನನ್ನ ಬೆನ್ನ ಹಿಂದೆ ಸರಿದಳು.

ಅಧಿಕಾರಿ ಬಾಗಿಲ ಬಳಿ ದನಿ ತಗ್ಗಿಸಿದರು. "ಅವಳು ಬಾಯಿ ಬಿಡ್ಲಿ ಅಂತ ಬೇಕಂತಲೇ ತಪ್ಪು ಹೇಳಿದ್ರಾ?"

ಹೌದೆಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. "ಇಲ್ಲ ಮೇಡಂ. ನಾನು ಹಾಗೇ ತಿಳ್ಕೊಂಡಿದ್ದೆ."

ಅವರು ಕನ್ನಡಕ ತೆಗೆದು ಮಡಚಿದರು. "ವರ್ಷಕ್ಕೆ ಕೊಡೋದಿಲ್ಲ. ಆರು ತಿಂಗಳು. ಆಮೇಲೆ ಬಂದಾಗ ಇಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳ್ತೀನಿ. ನಿಮ್ಮದು ಸರಿ ಇಲ್ದಿದ್ರೆ ಯೋಚನೆ ಮಾಡ್ಬೇಕಾಗುತ್ತೆ."

ಚಿಲಕ ಹಾಕಿದೆ. ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದೆ. ಸೋಮವಾರ ತಪ್ಪಿತ್ತು, ಆರು ತಿಂಗಳು ಎದೆಯ ಮೇಲೆ ಬಂದು ಕೂತಿತ್ತು. ನನಗೆ ಬೇಕೆಂದು ಕಲಿಯುತ್ತಿದ್ದ ಒಂದೇ ಒಂದು ವಿಷಯದ ಮೇಲೆ ಈಗ ಮಗಳು ಆ ಬೆಂಚಿಗೆ ಮರಳುವುದು ಬಿಡುವುದು ನಿಂತಿತ್ತು.

"ಅಮ್ಮಂಗೂ ಪರೀಕ್ಷೆ!" ಒಳಗೆ ಇಣಚಿ ಕುಣಿದಳು. ನೀಲಿ ರಟ್ಟು ತೆರೆದು ಆಗಲೇ ಹೊಸ ಲೆಕ್ಕ ಬರೆದಿಟ್ಟಿದ್ದಳು. "ಬಾ, ಕೂತ್ಕೋ. ಲಂಬಕೋನದ್ದು ನೀನೇ ಮಾಡು."

ಕೂತೆ. ಕೈವಾರದ ಮೊನೆ ಕಾಗದದ ಮೇಲೆ ನಿಲ್ಲಲಿಲ್ಲ. ಅವಳು ತನ್ನ ಪುಟ್ಟ ಬೆರಳಿಟ್ಟು ಅದನ್ನು ಒತ್ತಿ ಹಿಡಿದಳು.