ತಗಡು ದನಿಯ ರೇಡಿಯೊ

ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷದಿಂದ ಟೆಲಿಫೋನ್ ಆಪರೇಟರ್ ಆಗಿದ್ದ ಆಕೆಗೆ ತನ್ನ ಕಿವಿಯ ಮೇಲೆ ಇದ್ದಷ್ಟು ನಂಬಿಕೆ ಇನ್ನಾವುದರ ಮೇಲೂ ಇರಲಿಲ್ಲ. ಆ ಕಡೆಯವರು "ಹಲೋ" ಅಂದರೆ ಸಾಕು, ಇವರಿಗೆ ಬೇಕಾದದ್ದು ಹೆರಿಗೆ ವಾರ್ಡೋ ಮೂಳೆ ಡಾಕ್ಟರೋ ಎಂದು ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಆಸ್ಪತ್ರೆಯವರೆಲ್ಲ ಅವಳನ್ನು ಕಿವಿಯಕ್ಕ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಮೆಲ್ಲಗೆ ಅನ್ನುತ್ತಿದ್ದರು. ಅದೂ ಅವಳಿಗೆ ಕೇಳಿಸಿದ್ದರಿಂದ ಆಮೇಲೆ ಎದುರಿಗೇ ಅನ್ನತೊಡಗಿದರು.

ಮನೆಯಲ್ಲಿ ಇದ್ದದ್ದು ಮೂವರು. ಗಂಡ ಒಂದು ಅಚ್ಚುಕೂಟದಲ್ಲಿ ದೊಡ್ಡ ಮಷಿನ್ ಓಡಿಸುತ್ತಿದ್ದ. ಮಗಳು ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಮೊದಲ ಬಸ್ಸು ಅವಳದು. ಮೂರೂವರೆಗೆ ಏಳಬೇಕು, ಹಾಗಾಗಿ ಒಂಬತ್ತಕ್ಕೆಲ್ಲ ಹಾಸಿಗೆ ಸೇರುತ್ತಿದ್ದಳು. ಗಂಡನಿಗೋ, ರಾತ್ರಿ ಹನ್ನೊಂದಕ್ಕೆ ರೇಡಿಯೊದಲ್ಲಿ ಕೇಳುಗರ ಪತ್ರ ಓದುವ ಕಾರ್ಯಕ್ರಮ ಕೇಳದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲ. ಎರಡು ಕೋಣೆಗಳ ನಡುವೆ ಇದ್ದದ್ದು ಗೋಡೆಯಲ್ಲ, ಬಣ್ಣ ಬಳಿದ ಹಲಗೆ.

ಒಂದು ಮಧ್ಯಾಹ್ನ ಮಗಳು ಬಸ್ಸು ಬಿಟ್ಟು ಬಂದವಳೇ ಚೀಲವನ್ನು ಕುರ್ಚಿಗೆ ಎಸೆದಳು.

"ಅಮ್ಮಾ, ಇವತ್ತು ಸಿಗ್ನಲ್‌ನಲ್ಲಿ ನಿಂತಾಗ ತೂಕಡಿಸಿಬಿಟ್ಟೆ. ಕಂಡಕ್ಟರ್ ಬಂದು ಎಬ್ಬಿಸಿದ. ಐವತ್ತು ಜನ ಕೂತಿರ್ತಾರೆ ನನ್ನ ಹಿಂದೆ. ಒಂದೋ ಆ ರೇಡಿಯೊ ಈ ಮನೇಲಿರಬೇಕು, ಇಲ್ಲಾ ನಾನಿರಬೇಕು."

"ರೇಡಿಯೊ ಹಳೇದಾಗಿದೆ ಕಣೇ. ಗಂಟಲು ಕಟ್ಟಿದೆ ಅದಕ್ಕೆ. ಜೋರಾಗಿ ಇಡದೆ ಇದ್ರೆ ಅಪ್ಪನಿಗೆ ಗೊಣಗೊಣ ಅಂತಷ್ಟೇ ಕೇಳುತ್ತಂತೆ. ಶನಿವಾರ ಹೊಸದು ತರ್ತೀನಿ, ನೀನು ಚಿಂತೆ ಬಿಡು," ಎಂದಳು ಕಿವಿಯಕ್ಕ.

ಅಂಗಡಿಗೆ ಗಂಡನನ್ನೂ ಕರೆದಳು. ಅವನು ಕೈ ಅಲ್ಲಾಡಿಸಿಬಿಟ್ಟ. "ನಿನ್ನ ಕಿವಿ ಇರುವಾಗ ನಾನ್ಯಾಕೆ? ನೀನು ತಂದದ್ದೇ ಸರಿ."

ಆ ಮಾತು ಅವಳಿಗೆ ಹಿತವಾಗಿಯೇ ಇತ್ತು.

ರೇಡಿಯೊ ಅಂಗಡಿ ಒಬ್ಬರು ನಡೆದರೆ ಇನ್ನೊಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟು. ಅಂಗಡಿಯವನು ಕನ್ನಡಕವನ್ನು ಹಣೆಯ ಮೇಲೇರಿಸಿ, ಮೊದಲಿಗೇ ಬಣ್ಣಬಣ್ಣದ ದೀಪ ಮಿನುಗುವ ಒಂದನ್ನು ತೆಗೆದಿಟ್ಟ.

"ಇದರಲ್ಲಿ ಟಾರ್ಚಿದೆ, ಗಡಿಯಾರ ಇದೆ, ಫೋನೂ ಚಾರ್ಜ್ ಆಗುತ್ತೆ ಮೇಡಂ."

"ಬಟ್ಟೆ ಒಗೆಯುತ್ತಾ?"

"ಇಲ್ಲ..."

"ಹಾಗಾದ್ರೆ ಒಳಗಿಡಿ. ನನಗೆ ಕತ್ತಲಲ್ಲಿ ಕೇಳೋ ರೇಡಿಯೊ ಬೇಕು, ಮದುವೆ ಮನೆ ಅಲ್ಲ. ಲೈಟ್ ಆರಿಸಿ, ಆ ಬಾಗಿಲು ಸ್ವಲ್ಪ ಎಳೀರಿ."

ಅಂಗಡಿಯವನು ಒಮ್ಮೆ ಅವಳನ್ನು, ಒಮ್ಮೆ ಬಾಗಿಲನ್ನು ನೋಡಿದ. ಆದರೆ ಅವಳ ದನಿಯಲ್ಲಿ, ದೊಡ್ಡ ಡಾಕ್ಟರುಗಳನ್ನೇ ಲೈನಿನಲ್ಲಿ ಕಾಯಿಸಿ ರೂಢಿಯಾಗಿದ್ದ ಗತ್ತು ಇತ್ತು. ಎದ್ದು ಹೋಗಿ ಬಾಗಿಲು ಎಳೆದ.

ಅರೆಗತ್ತಲಲ್ಲಿ ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಕೈಗೆತ್ತಿಕೊಂಡಳು. ಬೆರಳಿಗೆ ವಾಲ್ಯೂಮ್ ಯಾವುದು, ಸ್ಟೇಷನ್ ಯಾವುದು ಎಂದು ತಾನಾಗಿ ತಿಳಿಯಬೇಕು. ಆನ್ ಮಾಡಿದಾಗ ಟಪ್ ಎಂದು ಸದ್ದಾಗಬಾರದು. ತೀರ ಸಣ್ಣಗೆ ಇಟ್ಟರೂ ಮಾತು ಮಾತಾಗಿಯೇ ಇರಬೇಕು. ಒಂದರ ಸ್ವಿಚ್ಚು ನೆಲಗಡಲೆ ಒಡೆದಂತೆ ಸದ್ದು ಮಾಡಿತು, ಅದು ಹೋಯಿತು. ಇನ್ನೊಂದರ ಆಂಟೆನಾ ಮುಟ್ಟಿದರೆ ಸ್ಟೇಷನ್ನೇ ಓಡಿಹೋಗುತ್ತಿತ್ತು, ಅದೂ ಹೋಯಿತು. ಅಂಗೈಯಗಲದ ಬೂದು ಬಣ್ಣದ್ದೊಂದನ್ನು ಹಾಕಿದ ತಕ್ಷಣ ಮೂಗು ಮುರಿದಳು.

"ಥೂ, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗಿದೆ."

ಕೊನೆಗೆ ಆರಿಸಿದ್ದು, ಮರದ ಮೈಯ, ಹಿಡಿಯಿದ್ದ ಪುಟ್ಟ ಪೆಟ್ಟಿಗೆ. ಅದರ ದನಿ ಬೆಚ್ಚಗೆ, ದುಂಡಗೆ, ಪಕ್ಕದಲ್ಲೇ ಕೂತು ಹೇಳಿದಂತೆ ಇತ್ತು. "ಇದು!" ಎಂದಳು. ಅಂಗಡಿಯವನು ಲೈಟ್ ಹಾಕಿ, "ನಲವತ್ತು ವರ್ಷ ಆಯ್ತು, ಹೀಗೆ ರೇಡಿಯೊ ಆರಿಸಿದವರನ್ನ ನೋಡಿರಲಿಲ್ಲ," ಎಂದು ಒಪ್ಪಿಕೊಂಡ. ಕಿವಿಯಕ್ಕ ಬೀಗುತ್ತಲೇ ಮನೆಗೆ ನಡೆದಳು.

ಅಂದು ರಾತ್ರಿ ಗಂಡನ ದಿಂಬಿನ ಪಕ್ಕ ರೇಡಿಯೊ ಇಟ್ಟು, ಎಷ್ಟು ಸಣ್ಣಗೆ ಬೇಕೋ ಅಷ್ಟಕ್ಕೆ ತಾನೇ ತಿರುಗಿಸಿಟ್ಟಳು. ಅವನು "ಭೇಷ್" ಎಂದ. ಅವಳು ನೀರು ಕುಡಿದು ಬರುವಷ್ಟರಲ್ಲಿ ದನಿ ಎರಡರಷ್ಟಾಗಿತ್ತು. ಮತ್ತೆ ಇಳಿಸಿದಳು. ಇನ್ನೇನು ಕಣ್ಣು ಹತ್ತಬೇಕು, ಅಷ್ಟರಲ್ಲಿ ಹಲಗೆಯ ಆಚೆ ಮಗಳು ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ರೇಡಿಯೊ ಮತ್ತೆ ಮೊರೆಯುತ್ತಿತ್ತು.

ಹೊಸ ವಸ್ತುವಿನ ಹುಮ್ಮಸ್ಸಿರಬೇಕು ಎಂದುಕೊಂಡು, ಹೇಗೂ ನಿದ್ದೆ ಕೆಟ್ಟಿತಲ್ಲ ಎಂದು ಅವಳೂ ಕಾರ್ಯಕ್ರಮ ಕೇಳುತ್ತ ಮಲಗಿದಳು. ಯಾರೋ ಒಬ್ಬ ತನ್ನ ಮದುವೆಯ ಕೋಟನ್ನು ರೈಲಿನಲ್ಲಿ ಮರೆತು ಇಳಿದಿದ್ದನಂತೆ. ಹನ್ನೆರಡು ವರ್ಷದ ಮೇಲೆ ಇನ್ನೊಂದು ಊರಿನ ಹಳೆ ಬಟ್ಟೆ ಅಂಗಡಿಯಲ್ಲಿ ಅದೇ ಕೋಟು ಕಂಡಿತಂತೆ. ಬಣ್ಣ ಮಾಸಿತ್ತು, ಆದರೆ ಗುಂಡಿಗಳು ಹಾಗೇ ಇದ್ದವಂತೆ. ಸಾಧಾರಣ ಪತ್ರ. ಇದಕ್ಕೇ ಏನು ಈ ಮನುಷ್ಯ ದಿನಾ ಬೆಳಿಗ್ಗೆ ಅಷ್ಟೊಂದು ಬಣ್ಣಿಸುವುದು ಎಂದುಕೊಂಡೇ ಅವಳು ನಿದ್ದೆಹೋದಳು.

ಮರುದಿನ ಭಾನುವಾರ, ಮಗಳಿಗೆ ರಜೆ. ಮೂವರೂ ಟೀ ಕುಡಿಯುತ್ತಿದ್ದಾಗ ಗಂಡ ಎಂದಿನಂತೆ ಶುರುಮಾಡಿದ.

"ರಾತ್ರಿ ಎಂಥಾ ಪತ್ರ ಅಂತೀಯ ಮಗಳೇ! ಒಬ್ಬ ತಾನು ಸಾಕಿದ ಕೋತೀನ ರೈಲಲ್ಲಿ ಬಿಟ್ಟು ಇಳಿದುಬಿಟ್ನಂತೆ."

"ಕೋತೀನಾ?"

"ಹೂಂ, ಕೋತೀನೇ. ಹನ್ನೆರಡು ವರ್ಷ ಆದ ಮೇಲೆ ಇನ್ನೊಂದೂರಲ್ಲಿ ಸಿಕ್ತಂತೆ. ಬಣ್ಣ ಎಲ್ಲ ಮಾಸಿಹೋಗಿತ್ತಂತೆ ಪಾಪ. ಆದ್ರೆ ಗುಂಡಿಗೆ ಮಾತ್ರ ಹಾಗೇ ಇತ್ತಂತೆ ನೋಡು. ಇವನನ್ನ ಕಂಡಿದ್ದೇ ಓಡಿಬಂದು ತಬ್ಬಿಕೊಂಡಿರಬೇಕು."

ಮಗಳು ಬಿದ್ದು ಬಿದ್ದು ನಕ್ಕಳು. ಕಿವಿಯಕ್ಕನಿಗೂ ನಗು ಬಂತು. ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಅವಳು ಗಂಡನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಮಗಳು ಮಾತಾಡುವಾಗ ಅವನ ಕಣ್ಣು ಅವಳ ತುಟಿಯ ಮೇಲೆಯೇ ನೆಟ್ಟಿತ್ತು. ಇದೂ ಇವತ್ತಿನದಲ್ಲ. ತಾನು ಅಡುಗೆಮನೆಯಿಂದ ಕೂಗಿದರೆ ಅವನು ಓಗೊಡದೆ ನಡೆದೇ ಬರುವುದು, ಮಾತು ಮಾತಿಗೆ "ಅದೇ ಅದೇ" ಎಂದು ತಲೆಯಾಡಿಸುವುದು, ಎಲ್ಲ ಒಂದರ ಹಿಂದೆ ಒಂದು ಅವಳಿಗೆ ನೆನಪಾಯಿತು. ಊರಿನವರ ಹಲೋ ಕೇಳಿ ರೋಗ ಹೇಳುವ ತನಗೆ, ಪಕ್ಕದ ದಿಂಬಿನಲ್ಲಿ ಇದ್ದದ್ದು ತಿಳಿದಿರಲಿಲ್ಲ. ತಪ್ಪು ರೇಡಿಯೊದ್ದು ಎಂದು ತೀರ್ಮಾನಿಸಿ, ತನ್ನ ಕಿವಿಗೆ ಹಿತವಾದದ್ದನ್ನು ಹೊತ್ತು ತಂದಿದ್ದಳು.

ಮಗಳು ಸ್ನಾನಕ್ಕೆ ಹೋದ ಮೇಲೆ ಅವಳು ಕುರ್ಚಿ ಎಳೆದು ಅವನೆದುರು ಕೂತಳು. ಸುತ್ತಿ ಬಳಸಿ ಮಾತಾಡುವುದು ಅವಳ ಜಾಯಮಾನವಲ್ಲ.

"ರೀ, ಅದು ಕೋತಿ ಅಲ್ಲ. ಕೋಟು. ಗುಂಡಿಗೆ ಅಲ್ಲ, ಗುಂಡಿಗಳು."

ಅವನ ಮುಖ ಕೆಂಪಾಯಿತು. "ಆ ಓದೋಳು ಬಾಯಲ್ಲಿ ಏನೋ ಇಟ್ಕೊಂಡು ಓದ್ತಾಳೆ..."

"ಎಷ್ಟು ದಿನದಿಂದ?"

"ಏನು ಎಷ್ಟು ದಿನದಿಂದ?"

"ಎಷ್ಟು ದಿನದಿಂದ ಸರಿಯಾಗಿ ಕೇಳಿಸ್ತಿಲ್ಲ?"

ಅವನು ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. ಬಚ್ಚಲಿನಲ್ಲಿ ನೀರು ಬೀಳುವ ಸದ್ದು ನಿಂತು ಮತ್ತೆ ಶುರುವಾಯಿತು.

"ಎರಡು ವರ್ಷ ಆಗಿರಬೇಕು," ಎಂದ. "ದನಿ ಕೇಳುತ್ತೆ ಕಣೇ. ಮಾತು ಕೇಳಲ್ಲ. ಅಲ್ಲಲ್ಲಿ ಇಲಿ ಕಡಿದ ಹಾಳೆ ಓದಿದ ಹಾಗೆ. ತೂತು ಬಿದ್ದಲ್ಲಿ ನಾನೇ ಏನೋ ಒಂದು ತುಂಬಿಸ್ಕೋತೀನಿ."

"ಯಾಕೆ ಹೇಳಲಿಲ್ಲ?"

"ಮಷಿನ್‌ನಿಂದ ಎಬ್ಬಿಸಿ ಕಾಗದ ಎಣಿಸೋಕೆ ಕೂರಿಸ್ತಾರೆ. ಮಷಿನ್ ತಪ್ಪಿದ್ರೆ ನನಗೆ ಕೈಯಲ್ಲೇ ಗೊತ್ತಾಗುತ್ತೆ, ಕಿವಿ ಬೇಕಿಲ್ಲ. ಆದ್ರೆ ಯಾರು ನಂಬ್ತಾರೆ?" ಮತ್ತೆ ಸೇರಿಸಿದ, "ಅಲ್ಲದೆ ಕಿವಿಯಕ್ಕನ ಗಂಡ ಕಿವುಡ ಅಂದ್ರೆ ನಗೋದಿಲ್ವಾ ಜನ?"

"ನಗಲಿ ಬಿಡಿ. ಯಾರ್ಯಾರು ನಗ್ತಾರೋ ಅವರ ಫೋನೆಲ್ಲ ನನ್ನ ಮೇಜಿಗೇ ಬರಬೇಕು," ಎಂದಳು ಅವಳು. ಅವನಿಗೆ ನಗು ತಡೆಯಲಾಗಲಿಲ್ಲ.

ಸೋಮವಾರವೇ ಅವನನ್ನು ತನ್ನ ಆಸ್ಪತ್ರೆಗೆ ಕರೆದೊಯ್ದಳು. ಕಿವಿಯ ಡಾಕ್ಟರಮ್ಮ ಅವನನ್ನು ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿ ಎಂದರು. ದಪ್ಪ ಸದ್ದಿಗೆ ಬೆರಳು ತಟ್ಟನೆ ಏಳುತ್ತಿತ್ತು. ಸದ್ದು ತೆಳುವಾಗುತ್ತ ಹೋದಂತೆ ಬೆರಳು ತಡವಾಯಿತು. ಕೊನೆಗೆ ಏಳಲೇ ಇಲ್ಲ. ಗಾಜಿನ ಹೊರಗೆ ನಿಂತ ಕಿವಿಯಕ್ಕನಿಗೆ ಆ ಮಲಗಿದ ಬೆರಳನ್ನು ನೋಡುವುದು ಕಷ್ಟವಾಯಿತು. ಆದರೂ ನೋಡಿದಳು.

"ಮಷಿನ್ ಸದ್ದಿನ ಕೆಲಸ ಇದು," ಎಂದರು ಡಾಕ್ಟರಮ್ಮ. "ಹೋದದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬಹುದು. ಕೆಲಸದಲ್ಲಿ ಕಿವಿ ಮುಚ್ಚಲೇಬೇಕು. ಕಿವಿಗೆ ಹಾಕೋ ಯಂತ್ರ ಬರೆದುಕೊಡ್ತೀನಿ, ತಿಂಗಳು ಹಿಡಿಯುತ್ತೆ. ಅಲ್ಲೀವರೆಗೂ ದನಿ ಜೋರು ಮಾಡಿದ್ರೆ ಪ್ರಯೋಜನ ಇಲ್ಲ, ಸ್ಪಷ್ಟ ಮಾಡಬೇಕು."

ದಾರಿಯಲ್ಲಿ ಅವನು ತಾನಾಗಿಯೇ ಹೇಳಿದ, "ಅಚ್ಚುಕೂಟದಲ್ಲಿ ನಾಳೆ ನಾನೇ ಹೇಳ್ತೀನಿ. ಅವರಾಗಿ ಕಂಡುಹಿಡಿಯೋಕಿಂತ ಅದೇ ಮೇಲು." ಹಾಗೇ ಮಾಡಿದ. ಯಜಮಾನರು ಒಂದು ದಿನವಿಡೀ ಅವನ ಪಕ್ಕದಲ್ಲಿ ನಿಂತು ಅವನು ಮಷಿನ್ ಓಡಿಸುವುದನ್ನು ನೋಡಿದರಂತೆ. ಮರುದಿನ ಕೆಲಸದವರಿಗೆಲ್ಲ ಕಿವಿ ಮುಚ್ಚುವ ದಪ್ಪ ಬಟ್ಟಲುಗಳು ಬಂದವಂತೆ, ಯಜಮಾನರು ತಮಗೂ ಒಂದು ಇಟ್ಟುಕೊಂಡರಂತೆ.

ಮುಂದಿನ ಶನಿವಾರ ಗಂಡಹೆಂಡಿರಿಬ್ಬರೂ ರೇಡಿಯೊ ಅಂಗಡಿಗೆ ಹೋದರು. ಅಂಗಡಿಯವನು ಅವಳನ್ನು ಕಂಡದ್ದೇ ಬಾಗಿಲು ಎಳೆಯಲು ಎದ್ದ.

"ಬೇಡ ಬೇಡ, ಇವತ್ತು ಇವರು ಆರಿಸ್ತಾರೆ," ಎಂದು ಅವಳು ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಇದನ್ನ ಬದಲಾಯಿಸಿಕೊಡಿ. ಇದರ ತಪ್ಪೇನಿಲ್ಲ, ನಂದು."

ಮಧ್ಯಾಹ್ನದ ವಾರ್ತೆ ಬರುತ್ತಿತ್ತು. ಒಂದೊಂದು ರೇಡಿಯೊ ಹಾಕಿದಾಗಲೂ ಅವನು ಕೇಳಿದ್ದನ್ನು ಕೇಳಿದಂತೆಯೇ ಒಪ್ಪಿಸಬೇಕು, ಅಂಗಡಿಯವನು ತಪ್ಪು ಒಪ್ಪು ಹೇಳಬೇಕು ಎಂದು ಮಾತಾಯಿತು. ಕಿವಿಯಕ್ಕ ಬಾಯಿಗೆ ಬೀಗ ಹಾಕಿಕೊಂಡು ನಿಂತಳು. ಮೊದಲನೆಯದರಲ್ಲಿ ಸಚಿವರು ಸೇತುವೆ ಉದ್ಘಾಟಿಸುವ ಬದಲು ಶಾವಿಗೆ ಉದ್ಘಾಟಿಸಿದರು. ಎರಡನೆಯದರಲ್ಲಿ ಒಣ ಹವೆ ಮುಂದುವರಿಯುವ ಬದಲು ಒಣ ಹಾವು ಮುಂದುವರಿಯಿತು. ಅಂಗಡಿಯವನು ಕನ್ನಡಕ ಒರೆಸುವ ನೆಪದಲ್ಲಿ ನಗು ನುಂಗಿದ. ಗಂಡ ಅದನ್ನು ನೋಡಿ ತಾನೇ ಜೋರಾಗಿ ನಕ್ಕ. ಎರಡು ವರ್ಷ ಬಚ್ಚಿಟ್ಟದ್ದು ಬಯಲಾದ ಮೇಲೆ ಅವನ ಹೆಗಲು ಹಗುರಾದಂತಿತ್ತು.

ಬೂದು ಬಣ್ಣದ್ದನ್ನು ಹಾಕಿದಾಗ ಅವನು ನೆಟ್ಟಗಾದ. "ನಾಳೆ ಸಂಜೆಯಿಂದ ಹಳೇ ಪೇಟೆಯ ರಸ್ತೆ ರಿಪೇರಿ, ಬಸ್ಸುಗಳು ಬೇರೆ ದಾರಿಯಲ್ಲಿ ಹೋಗುತ್ತವೆ," ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಮುಂದಿನ ಸಾಲನ್ನೂ, ಅದರ ಮುಂದಿನದನ್ನೂ.

"ಅಕ್ಷರ ತಪ್ಪಿಲ್ಲ," ಎಂದ ಅಂಗಡಿಯವನು.

"ಇನ್ನೂ ಸಣ್ಣಗೆ ಮಾಡಿ," ಎಂದ ಗಂಡ. ಸಣ್ಣಗೆ ಮಾಡಿದರು. ಕಿವಿಯ ಪಕ್ಕ ಹಿಡಿದ. ಆಗಲೂ ಮಾತುಗಳು ಮಾತಾಗಿಯೇ ಬಂದವು. "ಇದು!" ಎಂದ.

ಕಿವಿಯಕ್ಕನಿಗೆ ಆ ದನಿ ಇನ್ನೂ ತಗಡಿನ ಮೇಲೆ ಮೊಳೆ ಎಳೆದಂತೆಯೇ ಕೇಳುತ್ತಿತ್ತು. "ಚೆನ್ನಾಗಿದೆ, ಕಟ್ಟಿಕೊಡಿ," ಎಂದಳು.

ಅಂದು ರಾತ್ರಿ ರೇಡಿಯೊ ಅವನ ದಿಂಬಿನ ಮೇಲೆ, ಕೆನ್ನೆಗೆ ತಾಗುವಷ್ಟು ಹತ್ತಿರದಲ್ಲಿತ್ತು. ವಾಲ್ಯೂಮ್ ಮುಟ್ಟಲು ಅವನು ಒಮ್ಮೆಯೂ ಕೈ ಎತ್ತಲಿಲ್ಲ. ಯಾರೋ ಅತ್ತೆಯೊಬ್ಬರು ಅಳಿಯನ ಗೊರಕೆಯ ಮೇಲೆ ಬರೆದ ಪತ್ರ ಬಂತು. ಅಳಿಯನನ್ನು ಎಬ್ಬಿಸಲು ಅವರು ಹೂಡಿದ ಉಪಾಯ ಬಂದಾಗ ಗಂಡ ಕುಲುಕುಲು ನಕ್ಕ, ನಗಬೇಕಾದ ಜಾಗದಲ್ಲೇ. ಅವಳೂ ಅಲ್ಲೇ ನಕ್ಕಳು. ಅವನು ಕತ್ತಲಲ್ಲಿ ತಿರುಗಿ, "ನಿನಗೆ ಅಷ್ಟು ದೂರಕ್ಕೂ ಕೇಳ್ತಾ?" ಎಂದ.

"ನನಗೆ ಕೇಳದೇ ಇರುತ್ತಾ?" ಎಂದಳು ಅವಳು.

ಹಲಗೆಯ ಆಚೆ ಮಗಳ ಉಸಿರು ಒಂದೇ ಸಮನೆ ಏರಿ ಇಳಿಯುತ್ತಿತ್ತು.