ನೀಲಿ ಗೆರೆ

ಕೇರಿಯವರು ಅವನಿಗೆ ಹೊಗೆಯಪ್ಪ ಎಂದು ಹೆಸರಿಟ್ಟಿದ್ದರು. ರಸಾಯನಶಾಸ್ತ್ರಜ್ಞನ ಮನೆ ನೋಡಿ, ಅಡುಗೆಮನೆಗಿಂತ ಅಟ್ಟದ ಕಿಟಕಿಯಲ್ಲೇ ಹೊಗೆ ಜಾಸ್ತಿ. ಹೆಂಡತಿಗೂ ಆ ಹೆಸರು ಕೇಳಿದರೆ ನಗು ಬರುತ್ತಿತ್ತು. ಆ ನಗು ನಿಂತು ಆರು ವರ್ಷವಾಗಿತ್ತು.

ಆರು ವರ್ಷದ ಹಿಂದೆ ಒಂದು ದಿನ ಅವನು ಅದಿರಿನ ಪುಡಿಯನ್ನು ತಂತಿಯ ತುದಿಯಲ್ಲಿ ಉರಿಗೆ ಹಿಡಿದು, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಗಾಜಿನ ಪಟ್ಟಕದಲ್ಲಿ ನೋಡಿದಾಗ ಒಂದು ನೀಲಿ ಗೆರೆ ಕಂಡಿತ್ತು. ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆ. ಇದು ಯಾರೂ ಕಾಣದ ಹೊಸ ಮೂಲವಸ್ತು ಎಂದು ಕುಣಿದಾಡಿದ. ಸರಿಯಾಗಿ ಅಳೆಯುವ ಮೊದಲೇ, ಮರುದಿನ, ಸೀಸೆ ಸಿಡಿದು ಕಣ್ಣೆರಡೂ ಹೋದವು.

ಅಂದಿನಿಂದ ಅವಳೇ ಅವನ ಕಣ್ಣು. ಆ ವಸ್ತುವನ್ನು ಬೇರ್ಪಡಿಸಲೆಂದು ಹನ್ನೊಂದು ಮೂಟೆ ಅದಿರು ಕುಟ್ಟಿ, ಆಮ್ಲದಲ್ಲಿ ಕುದಿಸಿ, ಸೋಸಿ, ಕೊನೆಗೆ ಉಳಿದದ್ದು ಒಂದು ಚಮಚ ಬಿಳಿ ಪುಡಿ. ಬೆಟ್ಟ ಅಗೆದು ಇಲಿ ಹಿಡಿದರೂ ಚಿಂತೆಯಿಲ್ಲ, ಇಲಿಯಾದರೂ ಸಿಗಲಿ ಎನ್ನುತ್ತಿದ್ದಳು.

ಇವತ್ತು ಆ ಪುಡಿಯನ್ನು ಉರಿಗೆ ಹಿಡಿದು ಕಣ್ಣಿಟ್ಟಳು. ಹಳದಿ ಗೆರೆಯೊಂದೇ. ನಮ್ಮ ಬೆವರಿನಲ್ಲೂ ಇರುವ ಮಾಮೂಲಿ ಉಪ್ಪಿನದು. ಮೂರು ಸಲ ನೋಡಿದಳು.

"ಕಂಡಿತೇನೇ?"

ಆ ಮುಖ ನೋಡಿ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕಂಡಿತು ರೀ."

ಅವನು ಮಗುವಿನ ಹಾಗೆ ಅತ್ತ. "ವಿದ್ವಾಂಸರ ಸಭೆಗೆ ಪತ್ರ ಬರಿ. ನನಗೇ ನಂಬಿಕೆ ಹೋಗಿತ್ತು ಕಣೇ. ಆದ್ರೆ ನೀನು ಕಾಣದ್ದನ್ನ ಕಂಡೆ ಅನ್ನೋಳಲ್ಲ. ಆ ಧೈರ್ಯದ ಮೇಲೆ ಇಷ್ಟು ದಿನ ತಳ್ಳಿದೆ."

ಲೇಖನಿ ಹಿಡಿದವಳು ಅದನ್ನು ಕೆಳಗಿಟ್ಟಳು. ಅವನು ಬೇರೆ ಯಾವ ಮಾತು ಆಡಿದ್ದರೂ ಆ ಸುಳ್ಳನ್ನು ಸಾಯುವತನಕ ಕಾಪಾಡುತ್ತಿದ್ದಳೇನೋ.

"ಕಾಣಲಿಲ್ಲ ರೀ. ಬರೀ ಹಳದಿ."

ಅವನು ಕೆನ್ನೆ ಒರೆಸಿಕೊಂಡ. "ಅವತ್ತು ತಂತಿ... ಹಿಂದಿನ ಪರೀಕ್ಷೆ ಆದ್ಮೇಲೆ ಆಮ್ಲದಲ್ಲಿ ತೊಳೆದ ನೆನಪೇ ಇಲ್ಲ ನನಗೆ. ಬೇರೆ ಯಾವುದೋ ಉಪ್ಪು ಅಂಟಿಕೊಂಡಿತ್ತೇನೋ."

ಪ್ರತಿ ಸಲವೂ ತಂತಿ ತೊಳೆ ಎನ್ನುವುದು ಕಲಿಯಲು ಬಂದವರಿಗೆ ಮೊದಲ ದಿನ ಹೇಳುವ ಪಾಠ. ಆ ಒಂದು ಮರೆವಿಗೆ ಇಬ್ಬರ ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

ಅವನು ತಡಕಾಡಿ ಅವಳ ಕೈ ಹಿಡಿದ. ನಡೆಸುವಾಗೆಲ್ಲ ಅವಳು ಎಡಗೈಯನ್ನೇ ಕೊಡುತ್ತಿದ್ದಳು. ಈಗ ಸಿಕ್ಕಿದ್ದು ಬಲಗೈ. ಎರಡು ಬೆರಳಿಗೆ ಉಗುರೇ ಇರಲಿಲ್ಲ.

"ಇದು ಯಾವಾಗ ಆಯ್ತು?"

"ಎರಡನೇ ವರ್ಷ. ಆಮ್ಲ ಚೆಲ್ಲಿತ್ತು."

"ಹೇಳಲೇ ಇಲ್ಲವಲ್ಲೇ!"

"ಪುಡಿ ಎಷ್ಟಾಯ್ತು ಅಂತ ದಿನಾ ಕೇಳ್ತಿದ್ರಿ," ಎಂದಳು ಅವಳು. "ಅದನ್ನ ಹೇಳ್ತಿದ್ದೆ."