ಹುಳುಮನೆಯಲ್ಲಿ ಸ್ಯಾಕ್ಸೊಫೋನು

ಮುಳಬಾಗಿಲಿನ ಮದುವೆ ಮುಗಿಸಿಕೊಂಡು ಚಂದ್ರಮೋಹನ್ ಯಲ್ದೂರಿನಲ್ಲಿ ಬಸ್ ಇಳಿದಾಗ ಸೋತು ಸುಣ್ಣವಾಗಿದ್ದ. ವಾಲಗದಲ್ಲಿ ಸ್ಯಾಕ್ಸೊಫೋನು ಊದೋದು ಅಂದ್ರೆ ಹುಡುಗಾಟ ಅಲ್ಲ ಸ್ವಾಮಿ. ಡೋಲಿನ ಜೊತೆ ಜಿದ್ದಿಗೆ ಬೀಳಬೇಕು, ತಾಳಿ ಕಟ್ಟೋ ಹೊತ್ತಿಗಂತೂ ಪ್ರಾಣವೇ ಬಾಯಿಗೆ ಬರಬೇಕು. ಹಾಗೆ ಊದಿ ಊದಿ ಕಿಬ್ಬೊಟ್ಟೆಯಲ್ಲಿ ಗಂಟು ಎದ್ದಿತ್ತು. ಕೋಲಾರದ ಡಾಕ್ಟರು ಹರ್ನಿಯಾ ಅಂದಿದ್ದರು. ನಾಳೆ ಬೆಳಿಗ್ಗೆ ಆಪರೇಷನ್. ಆಮೇಲೆ ಈ ವಯಸ್ಸಿನಲ್ಲಿ ಊದೋ ಮಾತೇ ಬೇಡ ಅಂತಲೂ ಹೇಳಿದ್ದರು.

ವಾಲಗ ಹೋದರೆ ಹಾಳಾಗಿ ಹೋಗಲಿ, ಅದಕ್ಕೆ ಅವನು ಅಳುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಇನ್ನೊಂದಕ್ಕೆ. ಚಿಕ್ಕಂದಿನಲ್ಲಿ ಕೆಜಿಎಫ್ ಕ್ಲಬ್ಬಿನ ಬ್ಯಾಂಡಿನ ಮುದುಕರೊಬ್ಬರು ಅವನಿಗೆ ಜಾಜ್ ಕಲಿಸಿದ್ದರು. ಊದೋದಕ್ಕಿಂತ ಬಿಡೋದನ್ನ ಕಲಿ, ಸುತ್ತ ಕೇಳಿಸೋದಕ್ಕೂ ಜಾಗ ಕೊಡು ಅನ್ನುತ್ತಿದ್ದರು. ಅದೇ ದಾರಿ ಹಿಡಿದು, ಮಾವಿನ ತೋಪಿನಲ್ಲಿ ಒಬ್ಬನೇ ಕೂತು, ಗಾಳಿಗೂ ಹಕ್ಕಿಗೂ ಎಡೆ ಬಿಟ್ಟು ಬಿಟ್ಟು ಊದುತ್ತಾ ಅವನು ಸ್ವಂತದ್ದೊಂದು ಮಟ್ಟು ಕಟ್ಟಿದ್ದ. ಜನ ಮೊಬೈಲಿನಲ್ಲಿ ಕಣ್ಣು ಮುಚ್ಚಿ ಕೇಳ್ತಾರಲ್ಲ, ಮಳೆ, ತೊರೆ, ನಡುವೆ ಮೆಲ್ಲಗೆ ಒಂದು ವಾದ್ಯ, ಆ ಥರದ್ದು. ಒಂದೇ ಒಂದು ಸಲ ಅದನ್ನು ಮೊದಲಿಂದ ಕೊನೆವರೆಗೆ ರೆಕಾರ್ಡ್ ಮಾಡಿಟ್ಟುಬಿಟ್ಟರೆ ಸಾಕು ಅಂತ ಅವನ ಆಸೆ.

ಅದಕ್ಕೆ ಮಳೆ ಬೇಕಿತ್ತು. ನಮ್ಮ ಕಡೆ ಮಳೆ ಕೇಳಿದಾಗ ಬರುತ್ತಾ? ಆದರೆ ಹೆಂಡತಿ ಸುನಂದಳ ಹುಳುಮನೆಯಲ್ಲಿ, ನಾಲ್ಕನೇ ಜ್ವರ ಎದ್ದ, ಅಂದ್ರೆ ಕೊನೇ ಸಲ ಪೊರೆ ಬಿಟ್ಟ ರೇಷ್ಮೆಹುಳು ಸೊಪ್ಪು ಮೇಯುವಾಗ ಕೇಳಬೇಕು, ಸಾಕ್ಷಾತ್ ಮಳೆಯೇ. ಆಸ್ಪತ್ರೆಯಿಂದ ವಾಪಸ್ ಬರುವಷ್ಟರಲ್ಲಿ ಹುಳು ಮೇವು ಬಿಟ್ಟು ಗೂಡು ಕಟ್ಟಿರುತ್ತೆ. ಏನಿದ್ದರೂ ಇವತ್ತೇ ಆಗಬೇಕು.

ಸುನಂದ ಬಾಗಿಲಲ್ಲೇ ತಡೆದಳು. ಮೈಮೇಲೆ ಮದುವೆಮನೆಯ ಪನ್ನೀರು ಗಮ್ಮಂತಿದೆ, ಆ ವಾಸನೆಗೆ ಹುಳು ಮೇವು ಬಿಟ್ರೆ ಯಾರಿಗೆ ಹೇಳೋಣ ಅಂತ ರೇಗಿದಳು. ಅವನು ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಬಾಗಿಲ ಬಳಿಯ ಔಷಧಿ ನೀರಿನಲ್ಲಿ ಕಾಲದ್ದಿ ಒಳಗೆ ಬಂದ. ನಿದ್ದೆಗೆಟ್ಟು ಅವಳ ಕಣ್ಣೂ ಕೆಂಡವಾಗಿತ್ತು. ಹುಳು ದೊಡ್ಡದಾದ ಮೇಲೆ ಹಗಲು ರಾತ್ರಿ ಸೊಪ್ಪು ಕೊಯ್ಯೋದು, ಹೊರೋದು, ಹಾಕೋದು, ನಿದ್ದೆ ಅನ್ನೋದೇ ಇರಲಿಲ್ಲ. ನೀವು ಊದಿ, ನಾನೂ ಇಲ್ಲೇ ಕೂತು ಕೇಳ್ತೀನಿ ಅಂತ ಗೋಣಿಚೀಲದ ಮೇಲೆ ಗೋಡೆಗೊರಗಿದಳು.

ಮೊಬೈಲ್ ಆನ್ ಮಾಡಿ ಅವನು ಶುರುಮಾಡಿದ. ಹುಳುಗಳ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಒಂದು ಸ್ವರ, ಆಮೇಲೆ ಮಳೆ. ಇನ್ನೊಂದು ಸ್ವರ, ಮತ್ತೆ ಮಳೆ. ಕಿಬ್ಬೊಟ್ಟೆ ಚುಚ್ಚುತ್ತಿದ್ದರೂ ಇಷ್ಟು ಚೆನ್ನಾಗಿ ಅವನು ಜನ್ಮದಲ್ಲಿ ಊದಿರಲಿಲ್ಲ. ಅದು ಅವನಿಗೇ ಗೊತ್ತಾಗಿ ಕಣ್ಣು ತುಂಬಿತು.

ಇನ್ನು ಉಳಿದದ್ದು ಕೊನೆಯ ಭಾಗ. ಅಲ್ಲಿ ಮಟ್ಟು ಒಮ್ಮೆಲೇ ಮೇಲಕ್ಕೇರಿ, ಗಟ್ಟಿಯಾಗಿ ಕೂಗಿ, ಮಂಗಳಕ್ಕೆ ಇಳಿಯಬೇಕು. ವಾಲಗದವರು ಮಂಗಳ ಊದದೆ ವಾದ್ಯ ಕೆಳಗಿಡುವವರಲ್ಲ. ಮದುವೆ ಮುರಿದುಬಿದ್ದರೂ ಗೋಡೆ ಕಡೆ ತಿರುಗಿಯಾದರೂ ಒಂದು ಚೂರು ಊದಿ ಇಡುತ್ತಾರೆ. ಚಂದ್ರಮೋಹನ್ ಉಸಿರು ತುಂಬಿಕೊಂಡ. ಹಾಗೇ ಸುನಂದಳ ಕಡೆ ನೋಡಿದ.

ಅವಳು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಸೊಪ್ಪಿನ ಹಸಿರು ಹತ್ತಿದ ಕೈ ಮಡಿಲಲ್ಲಿ ಬಿದ್ದಿತ್ತು. ಈಗ ಕೂಗಿಸಿದರೆ ಧಡಕ್ಕನೆ ಏಳುತ್ತಾಳೆ, ಎದ್ದವಳು ಸೀದಾ ಸೊಪ್ಪಿಗೆ ಓಡುತ್ತಾಳೆ. ಆಮೇಲೆ ಊದೋಣ ಅಂದರೆ ಹೊಟ್ಟೆಯಲ್ಲಿ ಕಸುವಿಲ್ಲ. ತುಂಬಿಕೊಂಡ ಉಸಿರನ್ನು ಅವನು ಮೂಗಿನಿಂದ ಮೆಲ್ಲಗೆ ಬಿಟ್ಟ. ಮೊಬೈಲ್ ಆಫ್ ಮಾಡಿ, ವಾದ್ಯವನ್ನು ಸದ್ದಾಗದ ಹಾಗೆ ಪೆಟ್ಟಿಗೆಯಲ್ಲಿಟ್ಟ.

ಮೇವಿನ ಹೊತ್ತಾಗಿತ್ತು. ಕಿಬ್ಬೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಡ್ಡಿಸೊಪ್ಪನ್ನು ಸ್ವಲ್ಪ ಸ್ವಲ್ಪವೇ ಎತ್ತಿ ಹುಳು ಸಾಕಿದ್ದ ಎಲ್ಲ ಸ್ಟ್ಯಾಂಡಿಗೂ ಹರಡಿದ.

ಹೊತ್ತು ಮುಳುಗುವಾಗ ಸುನಂದ ಗಾಬರಿಯಿಂದ ಎದ್ದಳು. ಮೇವು ಬಿದ್ದಿರೋದು ನೋಡಿ, ಗಂಡನ ಮುಖ ನೋಡಿ, ನಾಚಿಕೊಂಡಳು.

"ನಿದ್ದೆ ಮಾಡ್ಲಿಲ್ಲರೀ, ಕಣ್ಣು ಮುಚ್ಚಿದ್ದೆ ಅಷ್ಟೆ," ಅಂದಳು. "ಪೂರ್ತಿ ಕೇಳಿಸ್ಕೊಂಡೆ. ಕೊನೇದಂತೂ ಬಲೇ ಚೆನ್ನಾಗಿತ್ತು."

"ಹೂಂ ಕಣೇ," ಅಂದ ಚಂದ್ರಮೋಹನ್. "ಅದನ್ನೇ ಕಷ್ಟಪಟ್ಟು ಕಟ್ಟಿದ್ದು."